ಬಂಡಿ ಹತ್ತುವ ಮುನ್ನ ಕೇಳುವ ಪ್ರಶ್ನೆ

1

ನಮ್ಮ ವಿಮರ್ಶೆಗೆ ಪಯಣವೆಂದರೆ ಬಲು ಪ್ರೀತಿ. ನಾಯಕ ಮನೆ ಬಿಟ್ಟು ಹೊರಡಬೇಕು, ದಾರಿಯಲ್ಲಿ ಗುರುತಿಲ್ಲದವನಾಗಬೇಕು, ಹೆಸರು, ಕುಲ, ಗೋತ್ರಗಳನ್ನೆಲ್ಲ ಒಂದೊಂದಾಗಿ ಕಳಚಿಕೊಳ್ಳಬೇಕು, ಕೊನೆಗೆ ತನ್ನನ್ನು ತಾನು ಕಂಡುಕೊಳ್ಳಬೇಕು. ನವ್ಯದ ಕಾಲದಲ್ಲಿ ಈ ಮಾದರಿ ಎಷ್ಟು ಗಟ್ಟಿಯಾಗಿ ಬೇರೂರಿತೆಂದರೆ, ಕಾದಂಬರಿಯಲ್ಲಿ ಯಾರಾದರೂ ಊರು ಬಿಟ್ಟು ಹೊರಟರೆ ಸಾಕು, ಅದನ್ನು ‘ಆತ್ಮಶೋಧ’ ಎಂದು ಕರೆದು ಕೈತೊಳೆದುಕೊಳ್ಳುವುದು ರೂಢಿಯಾಯಿತು. ಸಿನಿಮಾದಲ್ಲೂ ಇದೇ ಕಥೆ. ರೈಲಿನ ಕಿಟಕಿ, ಹಿಂದಕ್ಕೆ ಓಡುವ ಮರಗಳು, ಕಂಬಿಗೆ ಹಣೆ ಆನಿಸಿ ಕೂತ ನಾಯಕ. ಇಳಿಯುವ ಹೊತ್ತಿಗೆ ಅವನು ಬೇರೆ ಮನುಷ್ಯ.

ಈ ಮಾದರಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದಕ್ಕೊಂದು ಷರತ್ತಿದೆ, ಆ ಷರತ್ತನ್ನು ಯಾರೂ ಬಾಯಿಬಿಟ್ಟು ಹೇಳೋದಿಲ್ಲ ಅನ್ನುವುದಷ್ಟೇ ನನ್ನ ತಕರಾರು. ದಾರಿ ಎಲ್ಲರಿಗೂ ಒಂದೇ ರೀತಿ ತೆರೆದಿದೆ, ದಾರಿಯಲ್ಲಿ ಯಾರು ಬೇಕಾದರೂ ಯಾರೂ ಅಲ್ಲದವರಾಗಿ ನಡೆಯಬಹುದು ಎಂಬುದೇ ಆ ಷರತ್ತು. ನಮ್ಮ ಕಡೆ ಬಸ್ಸು ಹತ್ತಿ ಕೂತವರಿಗೆ ಇದು ಎಷ್ಟು ದೊಡ್ಡ ಸುಳ್ಳು ಅನ್ನೋದು ಗೊತ್ತು. ಪಕ್ಕದಲ್ಲಿ ಕೂತವರ ಮೊದಲ ಪ್ರಶ್ನೆ: “ಯಾವೂರಾಯ್ತಪ್ಪ?” ಹೇಳುತ್ತೇವೆ. ಎರಡನೆಯದು: “ಊರೊಳಗೋ, ಆಚೆಗೋ?” ಅದಕ್ಕೆ ತಡವರಿಸಿದರೆ ಮೂರನೆಯದು ನೆಟ್ಟಗೆ ಬರುತ್ತದೆ: “ಏನು ಜನ ನೀವು?” ಕಂಡಕ್ಟರು ಟಿಕೆಟ್ಟು ಹರಿಯುವುದಕ್ಕೂ ಮೊದಲೇ ಈ ತಪಾಸಣೆ ಮುಗಿದಿರುತ್ತದೆ. ಗುರುತು ಕಳಚಿಕೊಳ್ಳುವ ಮಾತು ಹಾಗಿರಲಿ, ಗುರುತು ನಮಗಿಂತ ಮುಂದಾಗಿ ಹೋಗಿ ಸೀಟು ಹಿಡಿದು ಕೂತಿರುತ್ತದೆ.

ಹಾಗಾದರೆ ದಲಿತರ ಪಯಣಗಳಲ್ಲಿ ವ್ಯಕ್ತಿಯ ಬೆಳವಣಿಗೆ ಅನ್ನುವುದು ಇಲ್ಲವೆ? ಇದೆ. ಆದರೆ ಅದು ನಮ್ಮ ವಿಮರ್ಶೆ ಹುಡುಕುತ್ತಾ ಬಂದ ಜಾಗದಲ್ಲಿ ಇಲ್ಲ. ದಾರಿ ಕೇಳುವ ಪ್ರಶ್ನೆಗೆ ಏನು ಉತ್ತರ ಹೇಳಲಿ ಎಂದು ಹೆದರುವಲ್ಲಿಂದ, ಈ ಪ್ರಶ್ನೆ ಕೇಳುವುದಕ್ಕೆ ನೀನು ಯಾರು ಎಂದು ತಿರುಗಿ ಕೇಳುವವರೆಗಿನ ನಡಿಗೆಯಲ್ಲಿ ಅದು ಇದೆ. ಈ ಬರಹದಲ್ಲಿ ಆ ನಡಿಗೆಯ ಚರಿತ್ರೆಯನ್ನು ಕೆಲವು ಪುಸ್ತಕಗಳು, ಕೆಲವು ಸಿನಿಮಾಗಳು, ಕೆಲವು ನಿಜವಾದ ರಸ್ತೆಗಳ ಮೂಲಕ ನೋಡಲು ಪ್ರಯತ್ನಿಸುತ್ತೇನೆ.

2

ಮೊದಲು ಎಲ್ಲರೂ ಬಲ್ಲ ಉದಾಹರಣೆ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಬಂದದ್ದು 1965ರಲ್ಲಿ, ಪಟ್ಟಾಭಿರಾಮ ರೆಡ್ಡಿಯವರ ಸಿನಿಮಾ 1970ರಲ್ಲಿ. ಪ್ರಾಣೇಶಾಚಾರ್ಯ ಹೆಂಡತಿಯ ದಹನ ಮಾಡಿ ಅಗ್ರಹಾರ ಬಿಟ್ಟು ಹೊರಡುತ್ತಾನೆ. ಮಾಲೇರರ ಪುಟ್ಟ ದಾರಿಯಲ್ಲಿ ಗಂಟುಬೀಳುತ್ತಾನೆ. ಮೇಳಿಗೆಯ ತೇರು, ಕೋಳಿ ಅಂಕ, ಕಾಫಿ ಅಂಗಡಿ, ಸೂತಕದಲ್ಲಿದ್ದೂ ದೇವಸ್ಥಾನದ ಊಟದ ಪಂಕ್ತಿ. ಯಾರಾದರೂ ಗುರುತು ಹಿಡಿದುಬಿಟ್ಟಾರೆಂಬ ಭಯ ಹೆಜ್ಜೆಹೆಜ್ಜೆಗೂ ಅವನನ್ನು ಅಟ್ಟಿಸಿಕೊಂಡು ಬರುತ್ತದೆ. ಆ ಭಯದಲ್ಲೇ ಅವನು ತನ್ನನ್ನು ತಾನು ನೋಡಿಕೊಳ್ಳುತ್ತಾನೆ. ಕನ್ನಡದಲ್ಲಿ ವ್ಯಕ್ತಿಯೊಬ್ಬ ಪಯಣದಲ್ಲಿ ಬದಲಾಗುವುದನ್ನು ಇಷ್ಟು ತೀವ್ರವಾಗಿ ಬರೆದ ಕೃತಿಗಳು ಕಡಿಮೆ. ಅದರ ಶಕ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಆಚಾರ್ಯನ ಭಯ ಯಾವ ಬಗೆಯದು ಅನ್ನುವುದನ್ನು ಗಮನಿಸಬೇಕು. ತಾನು ದೊಡ್ಡವನೆಂಬುದು ಗೊತ್ತಾಗಿಬಿಡುತ್ತದೆ ಎಂಬ ಭಯ ಅದು. ಗೊತ್ತಾಗುವ ತನಕ ಅವನಿಗೆ ಯಾವ ಬಾಗಿಲೂ ಮುಚ್ಚಿಲ್ಲ. ಕಾಫಿ ಅಂಗಡಿಯಲ್ಲಿ ಕೂರಬಹುದು, ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳಬಹುದು. ಅವನ ಚಹರೆಯೇ ಅವನ ಪರವಾನಗಿ. ಕೊನೆಗೆ ಒಂದು ಗಾಡಿ ಬರುತ್ತದೆ, ಅದರಲ್ಲಿ ಇನ್ನೊಬ್ಬರಿಗೆ ಮಾತ್ರ ಜಾಗವಿರುತ್ತದೆ. ಆಚಾರ್ಯ ಹತ್ತುತ್ತಾನೆ, ಪುಟ್ಟ ಉಳಿಯುತ್ತಾನೆ. ಆ ಜಾಗ ತನಗೆ ಹೇಗೆ ಸಿಕ್ಕಿತು ಎಂದು ಆಚಾರ್ಯ ಕೇಳಿಕೊಳ್ಳುವುದಿಲ್ಲ. ಕೇಳಿಕೊಳ್ಳಬೇಕಾದ ನೂರು ಪ್ರಶ್ನೆಗಳಲ್ಲಿ ಅದೊಂದು ಅವನಿಗೆ ಹೊಳೆಯುವುದೇ ಇಲ್ಲ.

ಅದೇ ಕಾದಂಬರಿಯಲ್ಲಿ ಕೇರಿಯ ಜನವೂ ಇದ್ದಾರೆ. ಅವರೂ ಅದೇ ಪ್ಲೇಗಿಗೆ ಸಾಯುತ್ತಾರೆ, ಸತ್ತವರು ಗುಡಿಸಲ ಸಮೇತ ಸುಟ್ಟುಹೋಗುತ್ತಾರೆ. ಅವರಿಗೆ ಸಾವಿದೆ, ಪಯಣವಿಲ್ಲ. ಅಗ್ರಹಾರದವನ ಆತ್ಮದ ಬಿಕ್ಕಟ್ಟಿಗೆ ಅವರ ಬೆಂಕಿ ಬೆಳಕು ಕೊಡುತ್ತದೆ, ಅಷ್ಟೆ. ಒಂದೇ ಕಾಯಿಲೆ, ಒಂದೇ ಕಾಡು, ಒಂದೇ ದಾರಿ. ಆದರೆ ಹೊರಟು ಹೋಗಿ ಬೆಳೆಯುವ ಹಕ್ಕು ಒಬ್ಬನಿಗೆ ಮಾತ್ರ.

3

ಈಗ ಇನ್ನೊಂದು ಗಾಡಿಯ ಕಡೆ ತಿರುಗೋಣ. ಕಾಲ 1901. ಸತಾರಾದಿಂದ ಹೊರಟ ಮಕ್ಕಳು ಮಸೂರು ರೈಲು ನಿಲ್ದಾಣದಲ್ಲಿ ಇಳಿದಿದ್ದಾರೆ. ಅವರಲ್ಲೊಬ್ಬ ಇನ್ನೂ ಹತ್ತು ವರ್ಷ ಆಸುಪಾಸಿನ ಭೀಮರಾವ್. ಗೋರೆಗಾಂವ್‌ನಲ್ಲಿ ಕೆಲಸದಲ್ಲಿದ್ದ ತಂದೆಯನ್ನು ನೋಡಲು ಹೊಸ ಬಟ್ಟೆ ಹಾಕಿಕೊಂಡು ಹೊರಟವರು. ಕರೆದೊಯ್ಯಲು ಯಾರೂ ಬಂದಿಲ್ಲ. ಸ್ಟೇಶನ್ ಮಾಸ್ತರ ಮೊದಲು ಮರುಕದಿಂದ ಮಾತಾಡಿಸುತ್ತಾನೆ. ಬಟ್ಟೆ ನೋಡಿ ಮೇಲ್ಜಾತಿಯ ಮಕ್ಕಳೆಂದುಕೊಂಡಿದ್ದಾನೆ. ಮಹಾರರೆಂದು ತಿಳಿದ ಕೂಡಲೇ ಅವನ ಮುಖ ಬದಲಾಗುತ್ತದೆ. ಬಾಡಿಗೆ ಗಾಡಿಯವರು ಯಾರೂ ಒಪ್ಪುವುದಿಲ್ಲ. ಕೊನೆಗೆ ಒಬ್ಬ ಒಪ್ಪುತ್ತಾನೆ: ಎರಡು ಪಟ್ಟು ಬಾಡಿಗೆ, ಗಾಡಿ ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ರಾತ್ರಿ ಸುಂಕದ ಕಟ್ಟೆಯ ಹತ್ತಿರ ತಂಗುತ್ತಾರೆ. ಬುತ್ತಿ ಇದೆ, ನೀರಿಲ್ಲ. ಸುಂಕದವನು ಹಿಂದೂ, ನಿಮಗೆ ನೀರು ಕೊಡೋಲ್ಲ, ಮುಸಲ್ಮಾನರು ಅಂತ ಹೇಳಿ ನೋಡಿ ಎಂದು ಗಾಡಿಯವನೇ ಹೇಳಿಕೊಡುತ್ತಾನೆ. ಹುಡುಗ ಹೋಗಿ ಹಾಗೇ ಹೇಳುತ್ತಾನೆ. ಆದರೂ ನೀರು ಸಿಗುವುದಿಲ್ಲ. ಬುತ್ತಿ ಪಕ್ಕದಲ್ಲೇ ಇದ್ದರೂ ಹಸಿದು ಮಲಗುತ್ತಾರೆ.

ಇದು ಬಾಬಾಸಾಹೇಬ್ ಅಂಬೇಡ್ಕರ್ ಇಂಗ್ಲಿಷಿನಲ್ಲಿ ಬರೆದ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಪುಟ್ಟ ಬರಹದ ಮೊದಲ ಭಾಗ. ಅವರು ಬದುಕಿದ್ದಾಗ ಅದು ಅಚ್ಚಾಗಲಿಲ್ಲ. 1990ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಅದನ್ನು ಕಿರುಹೊತ್ತಿಗೆಯಾಗಿ ಹೊರತಂದಿತು. ತಮ್ಮದೇ ನೆಲದಲ್ಲಿ ತಿರುಗಾಡಲು ಪರವಾನಗಿಗಾಗಿ ಕಾಯುತ್ತಿರುವವರು ಎಂಬುದನ್ನು ಶೀರ್ಷಿಕೆಯೇ ಹೇಳುತ್ತದೆ.

ಈ ಬರಹದ ನಾಲ್ಕು ಪಯಣಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ನಾನು ಹೇಳುತ್ತಿರುವ ಬೆಳವಣಿಗೆ ಕಣ್ಣಿಗೆ ಕಾಣುತ್ತದೆ. ಎರಡನೆಯದು ಬರೋಡಾದ್ದು. ಕೊಲಂಬಿಯಾದಲ್ಲಿ ಓದಿ, ಲಂಡನ್ ನೋಡಿ ಬಂದ ತರುಣ 1917ರಲ್ಲಿ ಸಂಸ್ಥಾನದ ಕೆಲಸಕ್ಕೆಂದು ಬರೋಡಾಕ್ಕೆ ಹೋಗುತ್ತಾನೆ. ಹೊರದೇಶದ ವರ್ಷಗಳು ತಾನು ಅಸ್ಪೃಶ್ಯನೆಂಬುದನ್ನೇ ಅವನಿಂದ ಮರೆಸಿಬಿಟ್ಟಿದ್ದವು. ನಮ್ಮ ಮಾಮೂಲಿ ಮಾದರಿಯ ಪ್ರಕಾರ ಅವನ ಪಯಣ ಇಲ್ಲಿಗೆ ಮುಗಿಯಬೇಕು: ಕಡಲು ದಾಟಿದ, ಓದಿದ, ಬೆಳೆದ. ಆದರೆ ಊರಲ್ಲಿ ತಂಗುವುದಕ್ಕೆ ಜಾಗವಿಲ್ಲ. ಪಾರ್ಸಿ ಹೆಸರೊಂದನ್ನು ಬರೆಸಿ ಪಾರ್ಸಿ ತಂಗುದಾಣದಲ್ಲಿ ಸೇರಿಕೊಳ್ಳುತ್ತಾನೆ. ಹನ್ನೊಂದನೆಯ ದಿನ ಬೆಳಿಗ್ಗೆ ದೊಣ್ಣೆ ಹಿಡಿದವರು ಬಂದು ನಿಲ್ಲುತ್ತಾರೆ. ಮನೆಯಲ್ಲಿ ಇರಗೊಡುವಿರಾ ಎಂದು ಕೇಳಿದರೆ ಗೆಳೆಯರು ನಯವಾಗಿ ಜಾರಿಕೊಳ್ಳುತ್ತಾರೆ. ಕಾಮಾಠಿ ಬಾಗ್ ಎಂಬ ಸಾರ್ವಜನಿಕ ತೋಟದಲ್ಲಿ ಕೂತಿದ್ದು, ರಾತ್ರಿ ಮುಂಬಯಿಯ ರೈಲು ಹಿಡಿಯುತ್ತಾನೆ.

ಮೂರನೆಯದು 1929, ಚಾಳೀಸಗಾಂವ್. ಈಗ ಅವರು ಬ್ಯಾರಿಸ್ಟರು, ಅಸ್ಪೃಶ್ಯರ ಕುಂದುಕೊರತೆ ವಿಚಾರಿಸುವ ಸರ್ಕಾರಿ ಸಮಿತಿಯ ಸದಸ್ಯರು. ಊರಿನ ಟಾಂಗಾದವರು ಒಬ್ಬರೂ ಅವರನ್ನು ಕೂರಿಸಿಕೊಂಡು ಓಡಿಸಲು ತಯಾರಿಲ್ಲ. ಟಾಂಗಾ ಮಾತ್ರ ಬಾಡಿಗೆಗೆ ಕೊಡುತ್ತಾರೆ. ಕೇರಿಯವರಲ್ಲೇ ಒಬ್ಬ ಲಗಾಮು ಹಿಡಿಯುತ್ತಾನೆ. ಅವನಿಗೆ ಅಭ್ಯಾಸವಿಲ್ಲ. ಸೇತುವೆಯ ಮೇಲೆ ಗಾಲಿ ಸಿಕ್ಕಿಕೊಂಡು ಅಂಬೇಡ್ಕರ್ ಕೆಳಕ್ಕೆ ಬೀಳುತ್ತಾರೆ, ಕಾಲು ಮುರಿಯುತ್ತದೆ. ಮಸೂರಿನಿಂದ ಚಾಳೀಸಗಾಂವ್‌ಗೆ 28 ವರ್ಷ. ಹುಡುಗ ಬ್ಯಾರಿಸ್ಟರಾಗಿದ್ದಾನೆ, ಗಾಡಿ ಮಾತ್ರ ಅಲ್ಲೇ ಇದೆ: ಹೊಡೆಯುವವನಿಲ್ಲದ ಗಾಡಿ. ವ್ಯಕ್ತಿ ಎಷ್ಟೇ ಬೆಳೆಯಲಿ, ದಾರಿ ಬೆಳೆಯದೆ ಹೋದರೆ ಆ ಬೆಳವಣಿಗೆಗೆ ಏನರ್ಥ ಎಂಬ ಪ್ರಶ್ನೆಯನ್ನು ಇದಕ್ಕಿಂತ ಸರಳವಾಗಿ ಕೇಳಿದ ಇನ್ನೊಂದು ಕಥನವನ್ನು ನಾನು ಓದಿಲ್ಲ.

ನಾಲ್ಕನೆಯದು 1934. ಸುಮಾರು ಮೂವತ್ತು ಜನರ ತಂಡ ವೇರೂಳದ ಗುಹೆಗಳನ್ನು ನೋಡಲು ಹೊರಟು ದೌಲತಾಬಾದಿನ ಕೋಟೆಯಲ್ಲಿ ಇಳಿಯುತ್ತದೆ. ಬಾಗಿಲ ಬಳಿಯ ಹೊಂಡದಲ್ಲಿ ಮುಖ ತೊಳೆಯುತ್ತಾರೆ. ನೀರು ಮೈಲಿಗೆಯಾಯಿತೆಂದು ಮುಸಲ್ಮಾನರ ಗುಂಪು ಕೂಗಾಡುತ್ತದೆ. ಇಲ್ಲಿ ಅಂಬೇಡ್ಕರ್ ತಿರುಗಿ ಕೇಳುತ್ತಾರೆ: ನಿಮ್ಮ ಧರ್ಮ ಕಲಿಸಿದ್ದು ಇದನ್ನೇ ಏನು? ನಾವು ನಿಮ್ಮ ಧರ್ಮಕ್ಕೆ ಬಂದರೆ ಆಗಲೂ ನೀರು ಬೇಡವೆನ್ನುತ್ತೀರಾ? ಗುಂಪು ಸುಮ್ಮನಾಗುತ್ತದೆ. ನೀರು ಮುಟ್ಟಬಾರದೆಂದು ಕಾವಲಿಗೆ ಸಿಪಾಯಿಯನ್ನು ಜತೆಗೆ ಕಳಿಸಿ ಒಳಗೆ ಬಿಡುತ್ತಾರೆ.

1901ರಲ್ಲಿ ಹುಡುಗ ಬೇರೆಯವರು ಹೇಳಿಕೊಟ್ಟ ಸುಳ್ಳು ಉತ್ತರ ಹೇಳಿದ. 1917ರಲ್ಲಿ ಇನ್ನೊಬ್ಬರ ಹೆಸರಲ್ಲಿ ಬಚ್ಚಿಟ್ಟುಕೊಂಡ. 1934ರಲ್ಲಿ ಪ್ರಶ್ನೆಯೇ ಅವನದು. ಮುಸಲ್ಮಾನನೆಂದು ಸುಳ್ಳು ಹೇಳಿ ನೀರು ಕೇಳಿದವನೇ, ಮುಸಲ್ಮಾನರ ಮುಂದೆ ನಿಂತು ನೀರಿನ ನ್ಯಾಯ ಕೇಳಿದ. ಕೋಟೆಯೊಳಗೆ ಅವನು ಹೋದದ್ದು ಕಾವಲಿನ ಜತೆಗೇ. ಪ್ರಶ್ನೆ ಕೇಳಿದ ಮಾತ್ರಕ್ಕೆ ನೀರು ಸಿಗಲಿಲ್ಲ. ಆದರೂ ಬೆಳವಣಿಗೆ ಎಂದರೆ ಇದು.

ಇನ್ನೊಂದು ಸಂಗತಿ ಇದೆ. ಆರು ಭಾಗಗಳ ಈ ಬರಹದಲ್ಲಿ ಕೊನೆಯ ಎರಡು ಅಂಬೇಡ್ಕರ್ ಅವರ ಸ್ವಂತ ಅನುಭವಗಳಲ್ಲ. ಡಾಕ್ಟರು ಮುಟ್ಟಲು ಒಪ್ಪದೆ ಬಾಣಂತಿ ಹೆಂಡತಿಯನ್ನು ಕಳೆದುಕೊಂಡ ಕಾಠಿಯಾವಾಡದ ಮೇಷ್ಟರೊಬ್ಬರದು ಒಂದು, ಕಚೇರಿಯ ಕೆಲಸ ಸಿಕ್ಕಿಯೂ ಊರವರ ಕಾಟಕ್ಕೆ ವಾಪಸು ಬರಬೇಕಾದ ಭಂಗಿ ತರುಣನದು ಇನ್ನೊಂದು. ‘ನಾನು’ ಎಂದು ಶುರುವಾದದ್ದು ‘ಅವರೂ’ ಎಂದು ಮುಗಿಯುತ್ತದೆ. ಸ್ವಂತದ ಪಯಣವನ್ನು ಸ್ವಂತಕ್ಕೆ ಮಾತ್ರ ಇಟ್ಟುಕೊಳ್ಳಲು ಆಗದಿರುವುದು ಕಲೆಯ ಕೊರತೆಯಲ್ಲ. ಅದೇ ಈ ಕಥನದ ಲೋಕದೃಷ್ಟಿ.

4

ಪುಸ್ತಕದೊಳಗಿನ ದಾರಿಗಳನ್ನು ನೆಲದ ಮೇಲಿನ ದಾರಿಗಳಿಂದ ಬಿಡಿಸಿ ನೋಡುವುದು ನಮ್ಮ ವಿಮರ್ಶೆಯ ಹಳೇ ಚಾಳಿ. ಆದರೆ ಅಂಬೇಡ್ಕರ್ ಕೇಳಿದ ಪ್ರಶ್ನೆ ಒಬ್ಬರ ಬಾಯಲ್ಲಿ ಇದ್ದಕ್ಕಿದ್ದಂತೆ ಹುಟ್ಟಿದ್ದಲ್ಲ. ಅದಕ್ಕೆ ಹಿಂದೆ ಮುಂದೆ ರಸ್ತೆಗಳ ಒಂದು ಚರಿತ್ರೆಯೇ ಇದೆ.

1893ರಲ್ಲಿ ತಿರುವಾಂಕೂರಿನ ವೆಂಙಾನೂರಿನ ಅಯ್ಯಂಕಾಳಿ, ಪುಲಯ ಜಾತಿಯವರು, ಒಂದು ಎತ್ತಿನ ಗಾಡಿ ಕೊಂಡರು. ವಿಲ್ಲುವಂಡಿ ಅಂತ ಅದರ ಹೆಸರು, ಮೇಲ್ಜಾತಿಯವರು ಮಾತ್ರ ಕೂರುತ್ತಿದ್ದ ಕಮಾನು ಗಾಡಿ. ಪುಲಯರು ಕಾಲಿಡಬಾರದಿದ್ದ ರಸ್ತೆಯಲ್ಲಿ ಅದನ್ನು ಹೊಡೆದುಕೊಂಡು ಹೋದರು. ತಡೆದರು, ಹೊಡೆದಾಟವಾಯಿತು, ಗಾಡಿ ನಿಲ್ಲಲಿಲ್ಲ. ಅಯ್ಯಂಕಾಳಿ ಎಲ್ಲಿಗೆ ಹೋಗಬೇಕಾಗಿತ್ತು ಎಂದು ಕೇಳಿದರೆ ಎಲ್ಲಿಗೂ ಅಲ್ಲ. ಹೋಗುವುದೇ ಆ ಪಯಣದ ಗುರಿ. ಪಯಣದಲ್ಲಿ ವ್ಯಕ್ತಿ ಏನಾದ ಎಂದು ಕೇಳುವ ವಿಮರ್ಶೆಗೆ ಈ ಗಾಡಿ ಅರ್ಥವಾಗುವುದಿಲ್ಲ. ಆ ಪಯಣದಿಂದ ರಸ್ತೆ ಏನಾಯಿತು ಎಂದು ಕೇಳಬೇಕು.

1924–25ರ ವೈಕಂ ಸತ್ಯಾಗ್ರಹ ನಡೆದದ್ದೂ ದೇವಸ್ಥಾನದ ಒಳಕ್ಕೆ ಹೋಗುವುದಕ್ಕಲ್ಲ, ಅದರ ಸುತ್ತಣ ರಸ್ತೆಗಳಲ್ಲಿ ನಡೆಯುವುದಕ್ಕೆ. ಇಪ್ಪತ್ತು ತಿಂಗಳ ಹೋರಾಟ ಮುಗಿದಾಗ ಮೂರು ದಿಕ್ಕಿನ ರಸ್ತೆಗಳು ತೆರೆದವು, ಮೂಡಣ ರಸ್ತೆ ತೆರೆಯಲಿಲ್ಲ. 1927ರ ಮಾರ್ಚ್ 20ರಂದು ಮಹಾಡಿನಲ್ಲಿ ಅಂಬೇಡ್ಕರ್ ಅವರ ಹಿಂದೆ ಮೆರವಣಿಗೆ ಹೊರಟದ್ದು ಚವದಾರ್ ಕೆರೆಯ ತನಕ. ಊರಿನೊಳಗಿನ ಅಷ್ಟು ಸಣ್ಣ ದೂರವನ್ನು ನಡೆಯುವುದಕ್ಕೆ ಎಷ್ಟು ತಲೆಮಾರು ಬೇಕಾಯಿತು ಎಂದು ಲೆಕ್ಕ ಹಾಕಿದರೆ, ಉದ್ದದ ಪಯಣ ಯಾವುದು, ಗಿಡ್ಡದ್ದು ಯಾವುದು ಎಂಬ ನಮ್ಮ ಅಳತೆಯೇ ಬದಲಾಗುತ್ತದೆ.

5

ಈ ಹಿನ್ನೆಲೆಯಲ್ಲಿ ‘ಚೋಮನ ದುಡಿ’ಗೆ ಬರೋಣ. ಶಿವರಾಮ ಕಾರಂತರ ಕಾದಂಬರಿ 1933ರದು, ಬಿ.ವಿ. ಕಾರಂತರ ಸಿನಿಮಾ 1975ರದು. ಸಿನಿಮಾಕ್ಕೆ ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಚೋಮನಿಗೆ ಜೋಡಿ ಎತ್ತುಗಳಿವೆ, ಉಳಲು ನೆಲವಿಲ್ಲ. ಹೊಲೆಯ ಬೇಸಾಯಗಾರನಾಗಬಾರದು. ಅಯ್ಯಂಕಾಳಿಯ ಎತ್ತುಗಳು ರಸ್ತೆ ಕಂಡವು, ಚೋಮನ ಎತ್ತುಗಳು ಹೊಲ ಕಾಣಲಿಲ್ಲ.

ಈ ಕಥೆಯಲ್ಲಿ ಪಯಣಗಳು ಹಲವು ಇವೆ. ಸಾಲ ತೀರಿಸಲು ಚನಿಯ, ಗುರುವ ಇಬ್ಬರು ಗಂಡುಮಕ್ಕಳು ದೂರದ ಕಾಫಿ ತೋಟಕ್ಕೆ ಹೋಗುತ್ತಾರೆ. ಚನಿಯ ಕಾಯಿಲೆ ಬಿದ್ದು ಸಾಯುತ್ತಾನೆ. ಗುರುವ ಕ್ರೈಸ್ತ ಹುಡುಗಿಯನ್ನು ಕಟ್ಟಿಕೊಂಡು ಆ ಮತಕ್ಕೆ ಸೇರಿಬಿಡುತ್ತಾನೆ. ಆಮೇಲೆ ಬೆಳ್ಳಿ ಹೋಗುತ್ತಾಳೆ. ಅವಳ ದುಡಿಮೆಯಿಂದ ತೀರದ ಸಾಲ ಅವಳ ಮೈಯಿಂದ ತೀರುತ್ತದೆ. ಗಂಡಿಗೆ ದಾರಿ ಜಾತಿಯನ್ನು ಕೇಳಿದರೆ ಹೆಣ್ಣಿಗೆ ಜಾತಿಯ ಜತೆ ಮೈಯನ್ನೂ ಕೇಳುತ್ತದೆ. ಬೆಳ್ಳಿಯ ಪಯಣದಲ್ಲಿ ‘ಬೆಳವಣಿಗೆ’ಯನ್ನು ಹುಡುಕುವವರು ಇದನ್ನು ಮೊದಲು ಎದುರಿಸಬೇಕು.

ಚೋಮನದೇ ಒಂದು ಪಯಣವಿದೆ. ಮತಾಂತರವಾದರೆ ನೆಲ ಸಿಗಬಹುದೆಂದು ಅವನು ಹೊರಡುತ್ತಾನೆ. ನಡುದಾರಿಯಲ್ಲಿ ಪಂಜುರ್ಲಿಯ ಗುಡಿ ಅವನನ್ನು ಹಿಡಿದು ನಿಲ್ಲಿಸುತ್ತದೆ. ವಾಪಸಾಗುತ್ತಾನೆ. ಮನೆಗೆ ಬಂದರೆ ಬೆಳ್ಳಿ ತೋಟದ ರೈಟರನ ಜತೆಗಿದ್ದಾಳೆ. ಆಮೇಲೆ ನಡೆಯುವುದು ನಮಗೆಲ್ಲ ಗೊತ್ತು: ಎತ್ತುಗಳನ್ನು ಕಾಡಿಗೆ ಅಟ್ಟುವುದು, ಬಾಗಿಲು ಹಾಕಿಕೊಳ್ಳುವುದು, ದುಡಿ, ಸಾವು.

ನಾನು ಕಾಲೇಜಿನಲ್ಲಿದ್ದಾಗ ಈ ಹಿಂತಿರುಗುವಿಕೆಯನ್ನು ಪಾಠದಲ್ಲಿ ಬಹಳ ಹೊಗಳುತ್ತಿದ್ದರು. ಮಣ್ಣಿನ ದೈವದ ಸೆಳೆತ, ಬೇರಿನ ನಿಷ್ಠೆ, ದುರಂತ ನಾಯಕನ ಘನತೆ. ಬೆಂಚಿನ ಕೊನೆಯಲ್ಲಿ ಕೂತ ನಾವು ಮೂರು ನಾಲ್ಕು ಜನ ಹಾಸ್ಟೆಲಿಗೆ ಬಂದು ಅದೇ ಮಾತನ್ನು ಎತ್ತಿಕೊಂಡು ಜಗಳಾಡುತ್ತಿದ್ದೆವು. ನಮ್ಮಲ್ಲೊಬ್ಬ ಕೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ: “ಚೋಮ ತಿರುಗಿ ಬಂದ ಸರಿ. ಗುರುವ ಬರಲಿಲ್ವಲ್ಲ, ಅವನೇನಾದ?”

ಅವನೇನಾದ? ಕಾದಂಬರಿ ಅವನ ಹಿಂದೆ ಹೋಗುವುದಿಲ್ಲ, ಕ್ಯಾಮೆರಾ ಕೂಡ ಹೋಗುವುದಿಲ್ಲ. ಚೋಮ ದುಡಿ ಹಿಡಿದು ಸಾಯುವುದು ಕಲೆಗೆ ಒದಗುತ್ತದೆ. ದಾಟಿಹೋಗಿ ಬದುಕಿದವನು ಕಲೆಗೆ ಒದಗುವುದಿಲ್ಲ. ಕಾರಂತರ ಅನುಕಂಪ ದೊಡ್ಡದು, 1933ರಲ್ಲಿ ಅಂಥ ಕಾದಂಬರಿ ಬರೆದದ್ದು ಸಾಮಾನ್ಯವಲ್ಲ. ಆದರೆ ಆ ಅನುಕಂಪಕ್ಕೆ ಚೋಮನ ಸೋಲು ಕಂಡಷ್ಟು ನಿಚ್ಚಳವಾಗಿ ಗುರುವನ ಬದುಕು ಕಾಣಲಿಲ್ಲ. ಘಟ್ಟದ ತೋಟಗಳಿಗೆ, ಕೋಲಾರದ ಚಿನ್ನದ ಗಣಿಗೆ, ಮುಂಬಯಿಯ ಗಿರಣಿಗಳಿಗೆ ಹೋದ ಲಕ್ಷಾಂತರ ಗುರುವರು ಇದ್ದರು. ಗಣಿಯ ಕತ್ತಲಲ್ಲಿ, ಗಿರಣಿಯ ಚಾಳಿನಲ್ಲಿ ಅವರು ಪಟ್ಟ ಪಾಡು ಸಣ್ಣದಲ್ಲ. ಆದರೆ ತಿಂಗಳ ಕೊನೆಗೆ ಕೂಲಿ ಕೈಗೆ ಬಂತು, ಮಕ್ಕಳು ಸ್ಲೇಟು ಹಿಡಿದರು, ಸಭೆಗಳು ನಡೆದವು. 1956ರ ಅಕ್ಟೋಬರ್ 14ರಂದು ನಾಗಪುರಕ್ಕೆ ರೈಲಿನಲ್ಲಿ, ಕಾಲ್ನಡಿಗೆಯಲ್ಲಿ ಬಂದು ಬೌದ್ಧರಾದ ಲಕ್ಷಾಂತರ ಜನ ಚೋಮನ ದಾರಿಯನ್ನು ಬಾಬಾಸಾಹೇಬರ ಜತೆ ಪೂರ್ತಿ ನಡೆದವರು. ಅವರು ಯಾರೂ ನಡುದಾರಿಯಲ್ಲಿ ವಾಪಸಾಗಲಿಲ್ಲ.

6

ಗುರುವನ ಕಥೆಯನ್ನು ಕೊನೆಗೂ ಬರೆದವರು ಗುರುವನ ಮಕ್ಕಳೇ. ಮರಾಠಿಯಲ್ಲಿ ದಯಾ ಪವಾರರ ‘ಬಲುತಂ’ 1978ರಲ್ಲಿ, ಲಕ್ಷ್ಮಣ ಮಾನೆಯವರ ‘ಉಪರಾ’ 1980ರಲ್ಲಿ ಬಂದವು. ಕನ್ನಡದ ಮೊದಲ ದಲಿತ ಆತ್ಮಕಥೆ, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಬಂದದ್ದು 1994ರಲ್ಲಿ. ಅದೇ ದಶಕದಲ್ಲಿ ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಮೊದಲ ಭಾಗವೂ ಬಂತು.

‘ಊರುಕೇರಿ’ಯ ಹೆಸರಲ್ಲೇ ಒಂದು ಪಯಣವಿದೆ. ಕೇರಿಯಿಂದ ಊರಿಗೆ ಇರುವ ದೂರ ಎಷ್ಟು? ಮಹಾ ಅಂದರೆ ಇನ್ನೂರು ಹೆಜ್ಜೆ. ನಮ್ಮಜ್ಜಿ ಹೇಳೋಳು: “ಬೆಂಗ್ಳೂರು ಹತ್ರ ಕಣಪ್ಪ, ಊರೊಳ್ಗೆ ಹೋಗೋದೇ ದೂರ.” ಬೆಂಗಳೂರಿಗೆ ಹೋಗಿಬಂದವರು ನಮ್ಮ ಕೇರಿಯಲ್ಲಿ ಎಷ್ಟೋ ಜನ ಇದ್ದರು, ಊರ ನಡುವಿನ ಬೀದಿಯಲ್ಲಿ ಚಪ್ಪಲಿ ಮೆಟ್ಟಿ ನಡೆದವರು ಒಬ್ಬರೂ ಇರಲಿಲ್ಲ. ಸಿದ್ಧಲಿಂಗಯ್ಯನವರು ಮಾಗಡಿ ಕಡೆಯ ಮಂಚನಬೆಲೆಯಿಂದ ಬೆಂಗಳೂರಿಗೆ ಬಂದವರು. ಅವರ ನೆನಪಿನ ಆರಂಭದಲ್ಲೇ ಹೆಗಲಿಗೆ ನೊಗ ಕಟ್ಟಿಕೊಂಡು ಎತ್ತಿನ ಹಾಗೆ ಹೊಲ ಉಳುವ ಇಬ್ಬರು ಮನುಷ್ಯರಿದ್ದಾರೆ, ಅವರಲ್ಲೊಬ್ಬರು ಅವರ ಅಪ್ಪ. ಚೋಮನಿಗೆ ಎತ್ತಾದರೂ ಇತ್ತು, ಇಲ್ಲಿ ಅಪ್ಪನೇ ಎತ್ತು. ಆ ಹೊಲದಿಂದ ಹೊರಟ ಹುಡುಗ ನಗರಕ್ಕೆ ಬಂದು, ಹಾಸ್ಟೆಲಿನಲ್ಲಿ ಓದಿ, ಸ್ಮಶಾನದಲ್ಲಿ ಕೂತು ಪುಸ್ತಕ ಹಿಡಿದು, ಕವಿಯಾಗಿ, ಮತ್ತೆ ಕೇರಿಗಳ ಕಡೆಗೇ ಸಂಘಟನೆಗೆಂದು ಹೊರಡುತ್ತಾನೆ. ಅವರು 2021ರಲ್ಲಿ ತೀರಿಕೊಂಡಾಗ ಎಲ್ಲರೂ ಅವರ ನಗೆಯನ್ನು ನೆನೆದರು. ಆ ನಗೆ ಬರೀ ಸ್ವಭಾವದ್ದಲ್ಲ. ಅವಮಾನವನ್ನು ಹೇಳಿಕೊಂಡು ಅಳುವ ಬದಲು, ಅವಮಾನ ಮಾಡುವವನ ಪೆದ್ದುತನವನ್ನು ತೋರಿಸಿಬಿಡುವುದು ಪ್ರಶ್ನೆಯನ್ನು ತಿರುಗಿಸುವ ಇನ್ನೊಂದು ಬಗೆ.

ಹೆಣ್ಣಿನ ದನಿಯಲ್ಲಿ ಇದನ್ನು ಕೇಳಬೇಕಾದರೆ ತಮಿಳಿನ ಬಾಮಾ ಅವರ ‘ಕರುಕ್ಕು’ (1992) ಓದಬೇಕು. ಅಲ್ಲಿ ಬಸ್ಸಿನ ಪ್ರಸಂಗವಿದೆ. ಎಲ್ಲಿ ಇಳಿಯುತ್ತೀಯ ಎಂದು ಕೇಳಿ, ಚೇರಿಯೆಂದು ಗೊತ್ತಾದ ಕೂಡಲೇ ಪಕ್ಕದ ಹೆಂಗಸರು ಎದ್ದು ಹೋಗುತ್ತಾರೆ. ಬೇರೆ ಜಾತಿ ಅಂತ ಹೇಳಿಬಿಡು, ಯಾರಿಗೆ ಗೊತ್ತಾಗುತ್ತದೆ ಎಂದು ತಾಯಿ ಬುದ್ಧಿ ಹೇಳುತ್ತಾಳೆ. ಮಗಳು ಒಪ್ಪುವುದಿಲ್ಲ. ನಾನ್ಯಾಕೆ ಇವರ ಮುಂದೆ ಬೇರೆಯವಳ ಹಾಗೆ ನಟಿಸಬೇಕು ಎಂಬುದು ಅವಳ ವಾದ. ಮಸೂರಿನ ಗಾಡಿಯವನು ಹುಡುಗನಿಗೆ ಹೇಳಿಕೊಟ್ಟದ್ದೂ, ಈ ತಾಯಿ ಮಗಳಿಗೆ ಹೇಳಿಕೊಡುವುದೂ ಒಂದೇ ಮಾತು. ತಾಯಿಯ ಮಾತಿನಲ್ಲಿ ಹೇಡಿತನವಿಲ್ಲ, ಮಗಳು ಸುಖವಾಗಿ ಕೂತು ಬರಲಿ ಎಂಬ ಅಕ್ಕರೆ ಇದೆ. ಆ ಅಕ್ಕರೆಯನ್ನೂ ಮೀರಬೇಕಾದ್ದು ಮಗಳ ಕಷ್ಟ. ಬಾಮಾ ಮುಂದೆ ಕಾನ್ವೆಂಟಿಗೆ ಸೇರುತ್ತಾರೆ, ಅಲ್ಲೂ ಜಾತಿ ಕಂಡು ಹೊರಬರುತ್ತಾರೆ. ಹೊರಟದ್ದು, ಸೇರಿದ್ದು, ಬಿಟ್ಟು ಬಂದದ್ದು ಮೂರೂ ಅವರ ಬೆಳವಣಿಗೆಯೇ.

7

ಇತ್ತೀಚಿನ ಸಿನಿಮಾಗಳಲ್ಲಿ ಈ ಚರಿತ್ರೆಗೆ ಹೊಸ ಕಣ್ಣು ಬಂದಿದೆ. ನಾಗರಾಜ ಮಂಜುಳೆಯವರ ‘ಸೈರಾಟ್’ (2016) ಮೊದಲರ್ಧದಲ್ಲಿ ಮಾಮೂಲಿ ಪ್ರೇಮಕಥೆಯ ಹಾಗೆ ಕುಣಿಯುತ್ತದೆ. ಬುಲೆಟ್ಟು, ಟ್ರಾಕ್ಟರು ಓಡಿಸುವ ಪಾಟೀಲರ ಮಗಳು ಆರ್ಚಿ ಕೆಳಜಾತಿಯ ಪರಶ್ಯಾನ ಜತೆ ಓಡಿ ಹೈದರಾಬಾದಿನ ಕೊಳೆಗೇರಿ ಸೇರುತ್ತಾಳೆ. ಅಡುಗೆ, ಕೂಲಿ, ಜಗಳ, ಮತ್ತೆ ಒಂದಾಗುವುದು. ಇಬ್ಬರೂ ನಿಜಕ್ಕೂ ಬೆಳೆಯುತ್ತಾರೆ. ಅಪರಿಚಿತ ನಗರ ಅವರ ಗುರುತನ್ನು ಕೇಳದೆ ಬಿಟ್ಟಿತು ಎಂದು ನಾವು ನಿಟ್ಟುಸಿರು ಬಿಡುವ ಹೊತ್ತಿಗೆ ಊರು ಉಡುಗೊರೆ ಹಿಡಿದುಕೊಂಡು ಬಂದು ಬಾಗಿಲು ತಟ್ಟುತ್ತದೆ. ಕೊನೆಯಲ್ಲಿ ಉಳಿಯುವುದು ರಕ್ತ ಮೆಟ್ಟಿದ ಮಗುವಿನ ಹೆಜ್ಜೆಗಳು. ಇಬ್ಬರ ಬೆಳವಣಿಗೆ ಅವರನ್ನು ಉಳಿಸಲಿಲ್ಲ ಎಂದು ಸಿನಿಮಾ ಹೇಳುವಾಗ, ಪ್ರೇಮದ ಪಯಣದ ಬಗ್ಗೆ ಜನಪ್ರಿಯ ಸಿನಿಮಾ ಹೇಳುತ್ತಾ ಬಂದ ಸುಳ್ಳೊಂದು ಬಿದ್ದುಹೋಗುತ್ತದೆ.

ಮಾರಿ ಸೆಲ್ವರಾಜ್ ಅವರ ತಮಿಳಿನ ‘ಕರ್ಣನ್’ (2021) ಇನ್ನೂ ನೆಟ್ಟಗಿದೆ. ಆ ಊರಿಗೆ ಬಸ್ ಸ್ಟಾಪಿಲ್ಲ. ಮೊದಲ ದೃಶ್ಯದಲ್ಲೇ ಹುಡುಗಿಯೊಬ್ಬಳು ನಡುರಸ್ತೆಯಲ್ಲಿ ಒದ್ದಾಡಿ ಸಾಯುತ್ತಾಳೆ, ಅತ್ತಿತ್ತ ಹೋಗುವ ಗಾಡಿ ಒಂದೂ ನಿಲ್ಲುವುದಿಲ್ಲ. ಮುಂದೆ ಬಸುರಿ ತಾಯಿಯ ಜತೆ ನಿಂತ ಹುಡುಗ, ಕೈ ತೋರಿಸಿದರೂ ನಿಲ್ಲದ ಬಸ್ಸಿಗೆ ಕಲ್ಲು ಬೀಸುತ್ತಾನೆ. ಅಲ್ಲಿಂದ ಊರಿಗೆ ಊರೇ ಎದ್ದು ನಿಲ್ಲುತ್ತದೆ, ಪೊಲೀಸರು ನುಗ್ಗುತ್ತಾರೆ. 1995ರಲ್ಲಿ ತಮಿಳುನಾಡಿನ ಕೊಡಿಯಂಕುಳಂ ಎಂಬ ದಲಿತರ ಊರಿನ ಮೇಲೆ ನಡೆದ ಪೊಲೀಸ್ ದಾಳಿಯ ನೆನಪು ಇದರ ಹಿಂದಿದೆ. ಇದು ಪಯಣದ ಸಿನಿಮಾ, ಆದರೆ ಇಲ್ಲಿ ಯಾರೂ ಪಯಣ ಮಾಡುವುದಿಲ್ಲ. ಬಸ್ಸು ನಿಲ್ಲದೆ ಹೋದರೆ ಕಾಲೇಜಿಲ್ಲ, ಆಸ್ಪತ್ರೆಯಿಲ್ಲ, ‘ತನ್ನನ್ನು ತಾನು ಕಂಡುಕೊಳ್ಳುವ’ ನಾಯಕನೂ ಇಲ್ಲ. ಬಸ್ಸನ್ನು ನಿಲ್ಲಿಸುವುದೇ ಇಲ್ಲಿಯ ಕಥೆ. ಆ ಹುಡುಗನ ಕೈಯ ಕಲ್ಲು, ಅಯ್ಯಂಕಾಳಿಯ ಗಾಡಿ, ದೌಲತಾಬಾದಿನ ಪ್ರಶ್ನೆ ಮೂರಕ್ಕೂ ರಕ್ತಸಂಬಂಧವಿದೆ.

ಕರ್ನಾಟಕದಲ್ಲೂ ದಾರಿಯನ್ನೇ ಮಾತಾಡಿಸಿದವರಿದ್ದಾರೆ. ದಲಿತ ಸಂಘರ್ಷ ಸಮಿತಿಯ ಜಾಥಾಗಳು ತಮಟೆ ಹಿಡಿದು, ಹಾಡು ಹೇಳಿಕೊಂಡು ಊರೂರು ಸುತ್ತಿದ್ದನ್ನು ನನ್ನ ವಾರಗೆಯವರು ಕಂಡಿದ್ದೇವೆ. ಊರ ಬಾಗಿಲಲ್ಲಿ ತಗ್ಗಿಸಿದ ತಲೆಯಲ್ಲೇ ಬೆಳೆದವರು ಆವತ್ತು ಹತ್ತು ಜನರ ನಡುವೆ ತಲೆಯೆತ್ತಿ ನಡೆದದ್ದನ್ನು ಯಾವ ಕಾದಂಬರಿಯ ಕೊನೆಯ ಅಧ್ಯಾಯಕ್ಕೂ ಕಡಿಮೆ ಎಂದು ನಾನು ಒಪ್ಪಲಾರೆ. ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿಯುತ್ತಿದ್ದ ಯುವಕರನ್ನು ಥಳಿಸಿದ ವರ್ಷವೇ, 2016ರ ಅಕ್ಟೋಬರ್ 4ರಂದು ಬೆಂಗಳೂರಿನಿಂದ ಹೊರಟ ಜಾಥಾ 9ರಂದು ಉಡುಪಿ ಸೇರಿತು. ಆಹಾರ ನಮ್ಮ ಆಯ್ಕೆ, ಭೂಮಿ ನಮ್ಮ ಹಕ್ಕು ಎಂಬುದು ಅವರ ಕೂಗು. ಅದೇ ಕರಾವಳಿಯ ನೆಲದಲ್ಲಿ 83 ವರ್ಷ ಹಿಂದೆ ಚೋಮ ಕೇಳಿದ್ದೂ ಭೂಮಿಯನ್ನೇ. ಅವನು ಒಬ್ಬನೇ ಹೊರಟಿದ್ದ, ಆದ್ದರಿಂದ ವಾಪಸಾದ.

ಆದ್ದರಿಂದ ದಲಿತ ವಿಮರ್ಶೆ ಇನ್ನು ಮುಂದೆ ಪಯಣದ ಯಾವುದೇ ಕಥನವನ್ನು ಕೈಗೆತ್ತಿಕೊಂಡಾಗ ನಾಯಕನ ಅಂತರಂಗಕ್ಕೆ ಇಳಿಯುವ ಮುಂಚೆ ಕೆಲವು ಸಾದಾ ಪ್ರಶ್ನೆಗಳನ್ನು ಕೇಳಬೇಕು. ಗಾಡಿ ಯಾರದು? ಹೊಡೆದವರು ಯಾರು, ಪಕ್ಕದಲ್ಲಿ ನಡೆದವರು ಯಾರು? ದಾರಿಯಲ್ಲಿ ನೀರು ಕೊಟ್ಟವರು ಯಾರು? ಸ್ಟಾಪಿನಲ್ಲಿ ಉಳಿದವರು ಯಾರು? ಇವು ಸಾಹಿತ್ಯದ ಪ್ರಶ್ನೆಗಳಲ್ಲ, ಸಮಾಜಶಾಸ್ತ್ರದವು ಎಂದು ಮೂಗು ಮುರಿಯುವವರು ಇದ್ದೇ ಇರುತ್ತಾರೆ. ಬುತ್ತಿ ಪಕ್ಕದಲ್ಲಿಟ್ಟುಕೊಂಡು ನೀರಿಲ್ಲದೆ ಮಲಗಿದ ಮಕ್ಕಳ ಆ ರಾತ್ರಿಗಿಂತ ಅಂತರಂಗದ ಸಂಗತಿ ಯಾವುದಿದೆ ಎಂದು ಅವರನ್ನು ಕೇಳಬೇಕಾಗುತ್ತದೆ.

ಇನ್ನು ನಮ್ಮ ಬರಹಗಾರರಿಗೆ ಒಂದು ಮಾತು. ಚೋಮನ ಸಾವನ್ನು ಬೇಕಾದಷ್ಟು ಸಲ ಓದಿದ್ದೇವೆ, ನೋಡಿದ್ದೇವೆ, ಅತ್ತಿದ್ದೇವೆ. ಗುರುವ ಆ ತೋಟದಲ್ಲಿ ಹೇಗೆ ಬದುಕಿದ, ಹೊಸ ಹೆಸರು ಅವನ ಬಾಯಿಗೆ ಹೇಗೆ ಒಗ್ಗಿತು, ಚರ್ಚಿನೊಳಗೆ ಯಾವ ಸಾಲಿನಲ್ಲಿ ಕೂತ, ಅಪ್ಪನ ಸಾವಿನ ಸುದ್ದಿ ಬಂದ ದಿನ ಏನು ಮಾಡಿದ ಅನ್ನುವ ಕಾದಂಬರಿಯನ್ನು ನಮ್ಮಲ್ಲಿ ಯಾರಾದರೂ ಬರೆಯಬೇಕು.